ಹಣ ರವಾನೆ ವ್ಯವಹಾರ: ಅನುಮತಿ ಯಾರದು, ಹೊಣೆ ಯಾರದು?

ಸೊರಬ ತಾಲ್ಲೂಕಿನ ಆನವಟ್ಟಿಯಂತಹ ಊರುಗಳಲ್ಲಿ ದಿನಸಿ ಅಥವಾ ಮೊಬೈಲ್ ಅಂಗಡಿಯೇ ಹಣ ರವಾನೆಯ ಕೇಂದ್ರವೂ ಆಗಿರುವುದುಂಟು. ಪರ ಊರಿನಿಂದ ಕೂಲಿಗೆ ಬಂದವರು ಮನೆಗೆ ಹಣ ಕಳುಹಿಸಲು ಇಂತಹ ಅಂಗಡಿಗಳನ್ನು ಅವಲಂಬಿಸುತ್ತಾರೆ. ಈ ಉಪವೃತ್ತಿಯನ್ನು ಕೈಗೊಳ್ಳುವ ವರ್ತಕರು ಮೊದಲು ತಿಳಿಯಬೇಕಾದ ಅಂಶವೊಂದಿದೆ. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿಯಾಗಲಿ, ಜಿ.ಎಸ್.ಟಿ. ನೋಂದಣಿಯಾಗಲಿ ಪರರ ಹಣವನ್ನು ರವಾನಿಸುವ ಅಧಿಕಾರವನ್ನು ನೀಡುವುದಿಲ್ಲ.

ಕಾನೂನಿನ ನೆಲೆ

2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಅಧಿನಿಯಮವು 2008ರ ಆಗಸ್ಟ್ 12ರಂದು ಜಾರಿಗೆ ಬಂದಿತು. ಅದರ 4ನೇ ಕಲಮಿನ ಪ್ರಕಾರ ರಿಸರ್ವ್ ಬ್ಯಾಂಕಿನ ಅಧಿಕಾರಪತ್ರವಿಲ್ಲದೆ ಯಾರೂ ಪಾವತಿ ವ್ಯವಸ್ಥೆಯನ್ನು ಆರಂಭಿಸುವಂತಿಲ್ಲ, ನಡೆಸುವಂತಿಲ್ಲ. ಉಲ್ಲಂಘನೆಗೆ 26ನೇ ಕಲಮು ಹತ್ತು ವರ್ಷಗಳವರೆಗಿನ ಕಾರಾವಾಸವನ್ನು ಅಥವಾ ಒಂದು ಕೋಟಿ ರೂಪಾಯಿವರೆಗಿನ ದಂಡವನ್ನು ಅಥವಾ ಎರಡನ್ನೂ ವಿಧಿಸುತ್ತದೆ.

ಈ ಅಧಿಕಾರಪತ್ರ ಸಣ್ಣ ವರ್ತಕರ ಕೈಗೆಟುಕುವಂಥದಲ್ಲ. ಉದಾಹರಣೆಗೆ, ಮೊಬೈಲ್ ವಾಲೆಟ್‌ನಂತಹ ಸಾಧನಗಳನ್ನು ನೀಡಬಯಸುವ ಬ್ಯಾಂಕೇತರ ಕಂಪನಿಯು ಅರ್ಜಿಯ ವೇಳೆಗೆ 5 ಕೋಟಿ ರೂಪಾಯಿ, ಮೂರನೆಯ ಹಣಕಾಸು ವರ್ಷದ ಅಂತ್ಯಕ್ಕೆ 15 ಕೋಟಿ ರೂಪಾಯಿ ನಿವ್ವಳ ಮೌಲ್ಯ ಹೊಂದಿರಬೇಕೆಂದು 2021ರ ನಿರ್ದೇಶನವು ನಿಗದಿಪಡಿಸಿತು.

ಸಣ್ಣ ವರ್ತಕರ ಮಾರ್ಗ

ಹಾಗಾದರೆ ಅಂಗಡಿಕಾರನಿಗೆ ದಾರಿಯಾವುದು? ಬ್ಯಾಂಕಿನ ವ್ಯವಹಾರ ಪ್ರತಿನಿಧಿ, ಅಂದರೆ ಬಿಸಿನೆಸ್ ಕರೆಸ್ಪಾಂಡೆಂಟ್ ಆಗುವುದು. ರಿಸರ್ವ್ ಬ್ಯಾಂಕು 2006ರಲ್ಲಿ ಈ ಪದ್ಧತಿಗೆ ಅವಕಾಶ ನೀಡಿತು. 2009ರಲ್ಲಿ ದಿನಸಿ, ಔಷಧಿ ಹಾಗೂ ನ್ಯಾಯಬೆಲೆ ಅಂಗಡಿಗಳ ಮಾಲೀಕರನ್ನೂ ಇದರ ವ್ಯಾಪ್ತಿಗೆ ತಂದಿತು. ಇಲ್ಲಿ ಅಧಿಕಾರವು ಬ್ಯಾಂಕಿನದು. ಅಂಗಡಿಕಾರ ಕೇವಲ ಅದರ ಪ್ರತಿನಿಧಿ. ಪ್ರತಿನಿಧಿಯ ಕೆಲಸಕ್ಕೆ ಗ್ರಾಹಕರ ಮುಂದೆ ಬ್ಯಾಂಕೇ ಉತ್ತರವಾದಿ. ಆದುದರಿಂದ ಬ್ಯಾಂಕು ಅಭ್ಯರ್ಥಿಯ ಗುರುತು, ವಿಳಾಸ, ನಡತೆಗಳನ್ನು ಪರಿಶೀಲಿಸಿ ಕರಾರು ಮಾಡಿಕೊಳ್ಳುತ್ತದೆ. ಕರಾರಿನ ಪ್ರತಿ ಅಂಗಡಿಯಲ್ಲಿರಬೇಕು. ಅದರಲ್ಲಿ ಕಾಣದ ಸೇವೆಯನ್ನು ನೀಡಬಾರದು.

ದೇಶದೊಳಗಿನ ನಗದು ರವಾನೆಗೆ 2024ರ ನವೆಂಬರ್ 1ರಿಂದ ನಿಯಮಗಳು ಬಿಗಿಯಾಗಿವೆ. ಕಳುಹಿಸುವವನನ್ನು ಪರಿಶೀಲಿತ ಮೊಬೈಲ್ ಸಂಖ್ಯೆ ಮತ್ತು ಸ್ವಯಂ ದೃಢೀಕೃತ ಗುರುತಿನ ದಾಖಲೆಯ ಆಧಾರದಲ್ಲಿ ನೋಂದಾಯಿಸಬೇಕು. ಪ್ರತಿಯೊಂದು ರವಾನೆಗೂ ಹೆಚ್ಚುವರಿ ದೃಢೀಕರಣ ಬೇಕು. ವಿದೇಶದ ಹಣವನ್ನು ಹಣ ವರ್ಗಾವಣೆ ಸೇವಾ ಯೋಜನೆಯಡಿ ವಿತರಿಸುವುದಾದರೆ, ಅಧಿಕೃತ ಭಾರತೀಯ ಏಜೆಂಟರ ಉಪ ಏಜೆಂಟರಾಗಿ ಮಾತ್ರ ಸಾಧ್ಯ. ಆ ಯೋಜನೆಯು ಒಳಬರುವ ಹಣಕ್ಕಷ್ಟೇ ಸಂಬಂಧಿಸಿದ್ದು, ಹೊರದೇಶಕ್ಕೆ ಕಳುಹಿಸಲು ಅಲ್ಲಿ ಆಸ್ಪದವಿಲ್ಲ.

ಎಚ್ಚರ ತಪ್ಪುವ ಎಡೆ

ಗಿರಾಕಿಯ ನಗದನ್ನು ಪಡೆದು ಸ್ವಂತ ಖಾತೆಯಿಂದ ಕಳುಹಿಸುವುದು, ಸ್ವಂತ ಖಾತೆಗೆ ಹಣ ಹಾಕಿಸಿಕೊಂಡು ನಗದು ಕೊಡುವುದು ಉಪಕಾರದಂತೆ ತೋರುತ್ತದೆ. ಆದರೆ ಇದಕ್ಕೆ ಯಾವ ಕರಾರಿನ ಆಶ್ರಯವೂ ಇಲ್ಲ. ಖಾತೆಗೆ ಬಂದ ಹಣ ವಂಚನೆಯದೆಂದು 1930 ಸಹಾಯವಾಣಿಗೆ ದೂರು ಹೋದರೆ, ಹಣ ಸಾಗಿದ ಹಾದಿಯಲ್ಲಿರುವ ಖಾತೆಗಳಿಗೆ ತಡೆ ಬೀಳಬಹುದು. ಮೆಕ್ಕೆಜೋಳದ ಸುಗ್ಗಿಯಲ್ಲಿ ರೈತರಿಗೆ ಕೊಡಬೇಕಾದ ಬಂಡವಾಳ ಅದೇ ಖಾತೆಯಲ್ಲಿದ್ದರೆ, ಹತ್ತಿಪ್ಪತ್ತು ರೂಪಾಯಿ ಕಮಿಷನ್ನಿನ ಆಸೆಗೆ ಇಡೀ ವ್ಯಾಪಾರವೇ ನಿಂತೀತು.

ಆದುದರಿಂದ ವ್ಯಾಪಾರದ ಖಾತೆ ಬೇರೆ, ಪ್ರತಿನಿಧಿ ವ್ಯವಹಾರದ ಖಾತೆ ಬೇರೆ ಇರಲಿ. ಪ್ರತಿ ವ್ಯವಹಾರಕ್ಕೂ ರಸೀದಿ ನೀಡಬೇಕು. ಸೇವಾ ಶುಲ್ಕವನ್ನು ನಿಗದಿಪಡಿಸುವುದು ಬ್ಯಾಂಕು. ಪ್ರತಿನಿಧಿ ತನ್ನದೇ ಆಗಿ ಶುಲ್ಕ ವಸೂಲು ಮಾಡುವಂತಿಲ್ಲ. ಪರರ ಹಣವನ್ನು ಕೈಯಲ್ಲಿ ಹಿಡಿಯುವ ಮುನ್ನ, ಅದನ್ನು ಯಾರ ಅಧಿಕಾರದಿಂದ ಹಿಡಿದಿರುವೆನೆಂಬುದನ್ನು ಕಾಗದದ ಮೇಲೆ ತೋರಿಸಬಲ್ಲವನೇ ಈ ವ್ಯವಹಾರಕ್ಕೆ ಅರ್ಹನು.