ಆ ಪಟ್ಟಿ ತರಗತಿಗೆ ಬೇಡ

ಮಗಳೇ, ಈ ಜೂನ್‌ನಿಂದ ಖಾಸಗಿ ಶಾಲೆಯಲ್ಲಿ ಪಾಠ ಹೇಳಲು ಹೊರಟಿದ್ದೀಯ. ಒಂದೇ ಮಾತು ಹೇಳಿ ಕಳಿಸುತ್ತೇನೆ: ತರಗತಿಯಲ್ಲಿ ಯಾವ ಮಗುವನ್ನೂ ‘ಆರ್‌ಟಿಇ ಮಗು’ ಎಂದು ಕರೆಯಬೇಡ.

ನಾನು ಕರೆದಿದ್ದೆ. ಕಚೇರಿಗೆ ಲೆಕ್ಕ ಒಪ್ಪಿಸುವ ಅವಸರ. ಪಟ್ಟಿ ಹಿಡಿದು, ‘ಆರ್‌ಟಿಇ ಮಕ್ಕಳೆಲ್ಲ ಎದ್ದು ನಿಲ್ಲಿ’ ಎಂದೆ. ಪಟ್ಟಿಯಲ್ಲಿ ಏಳು ಹೆಸರು, ಎದ್ದವರು ಆರು. ಏಳನೆಯವನು ಬೆಂಚಿನಡಿ ಬಗ್ಗಿ ಶೂ ಲೇಸು ಕಟ್ಟುತ್ತಿದ್ದ. ಹೆಸರು ಕೂಗಿ ಎಬ್ಬಿಸಿದೆ. ಅವನ ಶೂಗೆ ಲೇಸೇ ಇರಲಿಲ್ಲ. ಅಂದಿನವರೆಗೆ ಜೊತೆಯಲ್ಲಿ ಡಬ್ಬಿ ಬಿಚ್ಚುತ್ತಿದ್ದ ಗೆಳೆಯರಿಗೆ ಅವನು ಬೇರೆ ಎಂದು ಕಲಿಸಿಕೊಟ್ಟವಳು ನಾನೇ.

ಆ ಮಕ್ಕಳ ಸೀಟು ಯಾರ ಭಿಕ್ಷೆಯೂ ಅಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಪ್ರಕಾರ, ಅನುದಾನರಹಿತ ಖಾಸಗಿ ಶಾಲೆಗಳು ಆರಂಭದ ತರಗತಿಯ ಶೇ 25ರಷ್ಟು ಸೀಟುಗಳನ್ನಾದರೂ ನೆರೆಹೊರೆಯ ಬಡ, ಅವಕಾಶವಂಚಿತ ಮಕ್ಕಳಿಗೆ ಕೊಟ್ಟು ಎಂಟನೆಯ ತರಗತಿಯವರೆಗೆ ಉಚಿತವಾಗಿ ಕಲಿಸಬೇಕು. ಅದರ ಖರ್ಚನ್ನು ಸರ್ಕಾರ ಒಂದು ಮಿತಿಯೊಳಗೆ ಶಾಲೆಗೆ ತುಂಬಿಕೊಡುತ್ತದೆ. 2012ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ವಿನಾಯಿತಿ ಸಿಕ್ಕಿದ್ದು ಅಲ್ಪಸಂಖ್ಯಾತರ ಶಾಲೆಗಳಿಗೆ. ಆದರೆ ನಮ್ಮ ರಾಜ್ಯದಲ್ಲಿ 2019ರಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ ಎಂದಾಯಿತು. ಹಾಗಾಗಿ ನಿನ್ನ ತರಗತಿಯಲ್ಲಿ ಅಂಥ ಮಗು ಒಂದೇ ಇದ್ದೀತು. ಒಂಟಿ ಮಗುವಿಗೆ ಬೊಟ್ಟು ಮಾಡಿದರೆ ಅದು ಯಾರ ಮರೆಯಲ್ಲಿ ನಿಂತೀತು?

ಬೇರೆ ಬೆಂಚು, ಬೇರೆ ಹೊತ್ತು ಕೂಡದೆಂದು ಕಾಯ್ದೆಯ ನಿಯಮಗಳೇ ಹೇಳುತ್ತವೆ. ಪುಸ್ತಕ, ಸಮವಸ್ತ್ರ, ಗ್ರಂಥಾಲಯ, ಆಟದಲ್ಲೂ ಭೇದ ಸಲ್ಲದು. ಪ್ರವಾಸದ ದುಡ್ಡಿನ ಮಾತನ್ನು ಎಲ್ಲರೆದುರು ಎತ್ತಬೇಡ. ಮನೆಯಲ್ಲಿ ಇಂಗ್ಲಿಷ್ ಓದಿಸುವವರಿಲ್ಲದ ಮಗುವಿಗೆ ಸಂಜೆ ಹತ್ತು ನಿಮಿಷ ಕೊಡು. ಏಳನೆಯ ತರಗತಿಯಲ್ಲೇ ತಂದೆ-ತಾಯಿಯನ್ನು ಕೂರಿಸಿಕೊಂಡು, ಒಂಬತ್ತಕ್ಕೆ ಹೋದರೆ ಶುಲ್ಕ ಕಟ್ಟಬೇಕಾಗುತ್ತದೆ ಎಂದು ಬಿಡಿಸಿ ಹೇಳು; ಹತ್ತಿರದ ಸರ್ಕಾರಿ ಪ್ರೌಢಶಾಲೆಯನ್ನೂ ತೋರಿಸು. ಕೊನೆ ಗಳಿಗೆಯಲ್ಲಿ ತಿಳಿದು ಓದು ನಿಲ್ಲಬಾರದು.

ಲೆಕ್ಕ ಬೇಕೆಂದರೆ ಕಚೇರಿಯಲ್ಲೇ ಕೂತು ಬರೆದುಕೊಡು. ತರಗತಿಗೆ ಹಾಜರಿ ಪುಸ್ತಕವೊಂದನ್ನು ಒಯ್ದರೆ ಸಾಕು. ಅದರಲ್ಲಿ ಎಲ್ಲ ಹೆಸರೂ ಒಂದೇ ಶಾಯಿಯಲ್ಲಿರಲಿ.