ಪ್ರೂಫ್ ಅಸಿಸ್ಟೆಂಟ್‌ನ ಕ್ಯಾಶ್: ವೇಗ ಬೇಕು, ನಂಬಿಕೆ ಉಳಿಯಬೇಕು – 7 ಸೂತ್ರಗಳು

ಪ್ರಮೇಯದ ಸಾಧನೆಯನ್ನು ಹೆಜ್ಜೆಹೆಜ್ಜೆಗೂ ಪರೀಕ್ಷಿಸುವ ತಂತ್ರಾಂಶವೇ ಪ್ರೂಫ್ ಅಸಿಸ್ಟೆಂಟ್. 2013ರಲ್ಲಿ ಲಿಯೊನಾರ್ಡೊ ಡಿ ಮೌರಾ ಆರಂಭಿಸಿದ ಲೀನ್ ಅಂಥದ್ದೊಂದು; ಅದರ ಕೋಡ್ ಎಲ್ಲರಿಗೂ ಮುಕ್ತ. ಮಸ್ಕತ್, ಸೊಹಾರ್, ಸಲಾಲಾಗಳಲ್ಲಿ ಐಟಿ ಕೆಲಸದಲ್ಲಿರುವ ಕನ್ನಡಿಗರು ಶುಕ್ರವಾರ, ಶನಿವಾರದ ರಜೆಯಲ್ಲಿ ಅದನ್ನು ತೆರೆದು ಓದಬಹುದು, ತಿದ್ದಲೂಬಹುದು. ಕೈಹಾಕುವ ಮುನ್ನ ಕ್ಯಾಶ್ ಅರ್ಥವಾಗಬೇಕು. ಒಮ್ಮೆ ಕಂಡುಕೊಂಡ ಉತ್ತರವನ್ನು ಮತ್ತೆ ಬಳಸಲು ತೆಗೆದಿಡುವ ಜಾಗ ಅದು. ಅಲ್ಲಿ ತಪ್ಪು ಉತ್ತರ ಕೂತರೆ ಸರಿಯಾದ ಸಾಧನೆಯೂ ತಿರಸ್ಕೃತವಾಗಬಹುದು.

1. ಉಳಿಸಬೇಕಾದ್ದನ್ನಷ್ಟೇ ಉಳಿಸಿ. 1972ರಲ್ಲಿ ರಾಬಿನ್ ಮಿಲ್ನರ್ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ಎಲ್‌ಸಿಎಫ್ ಎಂಬ ಪ್ರೂಫ್ ಅಸಿಸ್ಟೆಂಟ್‌ನಲ್ಲಿ ಉದ್ದುದ್ದ ಸಾಧನೆಗಳೇ ಮೆಮೊರಿ ತುಂಬಿಬಿಡುತ್ತಿದ್ದವು. ಮುಂದೆ ಎಡಿನ್‌ಬರೋದಲ್ಲಿ ಅವರು ಪ್ರಮೇಯವನ್ನು ಮಾತ್ರ ಉಳಿಸಿಕೊಂಡರು. ಪ್ರಮೇಯ ಹುಟ್ಟಿಸುವ ಅಧಿಕಾರವನ್ನು ತರ್ಕನಿಯಮಗಳಿಗಷ್ಟೇ ಕೊಟ್ಟರು.

2. ಕ್ಯಾಶ್‌ನಲ್ಲಿ ಉತ್ತರ ಹುಡುಕುವ ಕೀಲಿಯಲ್ಲಿ ಸಂದರ್ಭವೂ ಇರಲಿ. ಪ್ರಶ್ನೆ ಒಂದೇ ಆದರೂ ಊಹೆಗಳು ಬದಲಾದರೆ ಉತ್ತರ ಬದಲಾಗುತ್ತದೆ. ಅದಕ್ಕೇ ಲೀನ್ 4ರ ಇನ್‌ಸ್ಟನ್ಸ್ (ಒಂದು ಟೈಪ್‌ಗೆ ಬೇಕಾದ ಗುಣವಿದೆ ಎನ್ನುವ ದಾಖಲೆ) ಹುಡುಕಾಟದ ಕೀಲಿಯಲ್ಲಿ ಸ್ಥಳೀಯ ಇನ್‌ಸ್ಟನ್ಸ್‌ಗಳೂ ಸೇರಿರುತ್ತವೆ.

3. ಅರೆಬೆಂದ ಉತ್ತರವನ್ನು ಕಾಯಂ ಮಾಡಬೇಡಿ. ಇನ್ನೂ ಬೆಲೆ ಸಿಗದ ಖಾಲಿ ಜಾಗ, ಅಂದರೆ ಮೆಟಾವೇರಿಯಬಲ್, ಇದ್ದರೆ ಫಲಿತಾಂಶ ನಾಳೆ ಬೇರೆಯಾಗಬಹುದು. ಎರಡು ಪದಗಳು ಸಮವೇ ಎಂಬ ಪರೀಕ್ಷೆಗೆ ಲೀನ್ ತಾತ್ಕಾಲಿಕ, ಕಾಯಂ ಎಂದು ಎರಡು ಕ್ಯಾಶ್ ಇಟ್ಟಿರುವುದು ಇದೇ ಕಾರಣಕ್ಕೆ.

4. ಬಿಟ್ಟ ದಾರಿಯ ನೆನಪನ್ನೂ ಬಿಡಿ. ಸಾಧನೆ ಕಟ್ಟುವ ಆದೇಶವಾದ ಟ್ಯಾಕ್ಟಿಕ್ ಒಂದು ದಾರಿ ಹಿಡಿದು ಸೋತು ಮರಳಿದಾಗ, ಆ ದಾರಿಯ ಊಹೆಗಳನ್ನು ನೆಚ್ಚಿದ ಉತ್ತರಗಳು ಹೋಗಬೇಕು. ಅವುಗಳ ಹಂಗಿಲ್ಲದವು ಉಳಿಯಬಹುದು.

5. ಸೋಲನ್ನೂ ದಾಖಲಿಸಿ, ಕಾರಣ ನೋಡಿ. ‘ಇಲ್ಲ’ ಎಂಬ ಉತ್ತರವೂ ಸಮಯ ಉಳಿಸುತ್ತದೆ. ಆದರೆ ಸಮಯ ಮೀರಿ ನಿಂತ ಹುಡುಕಾಟ ‘ಇಲ್ಲ’ ಎಂದಂತಲ್ಲ. ಹೊಸ ಇನ್‌ಸ್ಟನ್ಸ್ ಸೇರಿದರೆ ಹಳೆಯ ‘ಇಲ್ಲ’ಕ್ಕೆ ಬೆಲೆಯಿಲ್ಲ.

6. ಫೈಲಿನ ತಾರೀಖು ನೋಡಬೇಡಿ, ಪಠ್ಯದಿಂದ ಲೆಕ್ಕ ಹಾಕಿದ ಗುರುತಾದ ಹ್ಯಾಶ್ ನೋಡಿ. ಲೀನ್‌ನ ಗಣಿತ ಗ್ರಂಥಾಲಯ ಮ್ಯಾಥ್‌ಲಿಬ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ಮೊದಲಿಂದ ಕಂಪೈಲ್ ಮಾಡಲು ತಾಸುಗಟ್ಟಲೆ ಬೇಕು. ‘ಲೇಕ್ ಎಕ್ಸಿ ಕ್ಯಾಶ್ ಗೆಟ್’ ಆದೇಶ ಸಿದ್ಧ ಫೈಲುಗಳನ್ನೇ ಇಳಿಸಿಕೊಡುತ್ತದೆ. ಫೈಲಿನ ಒಳಗಿನ ಪಠ್ಯ, ಅದು ಆಮದು ಮಾಡಿಕೊಂಡ ಫೈಲುಗಳು, ಲೀನ್ ಆವೃತ್ತಿ – ಮೂರೂ ಸೇರಿ ಹ್ಯಾಶ್ ಆಗುವುದರಿಂದ ಹಳೆಯದು ನುಸುಳುವುದಿಲ್ಲ.

7. ಸಾಧನೆಗೆ ಕೊನೆಯ ತೀರ್ಪು ಕೊಡುವ ಭಾಗವಾದ ಕರ್ನಲ್ ಚಿಕ್ಕದಾಗಿರಲಿ. ಹೊರಗಿನ ಕ್ಯಾಶ್ ತಪ್ಪಿದರೆ ಕರ್ನಲ್ ತಡೆಯುತ್ತದೆ; ಕರ್ನಲ್ಲಿನದೇ ತಪ್ಪಿದರೆ ಸುಳ್ಳು ಪ್ರಮೇಯವೂ ಪಾಸಾದೀತು. ಅಲ್ಲಿ ಕ್ಯಾಶ್ ಕಡಿಮೆ ಇರಲಿ, ಓದಿದರೆ ತಿಳಿಯುವಂತಿರಲಿ. ರಸ್ಟ್ ಭಾಷೆಯ ನ್ಯಾನೋಡಾದಂಥ ಸ್ವತಂತ್ರ ಪರೀಕ್ಷಕದಲ್ಲೂ ಓಡಿಸಿ. ಕ್ಯಾಶ್ ತೆಗೆದು ಓಡಿಸಿದರೆ ನಿಧಾನವಾಗಬಹುದು, ತೀರ್ಪು ಮಾತ್ರ ಬದಲಾಗಕೂಡದು.