ಎಲೆ ಬಣ್ಣ ಕೊಟ್ಟಿತು, ಪಿಎಚ್ ಇಳಿಯಲಿಲ್ಲ: ಕಾಡು ಏಂಜೆಲ್ ಮೀನಿನ ನೆಪದಲ್ಲಿ ಒಂದು ಪಾಠ

ತರಗತಿ: 10
ಘಟಕ: ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು
ಉಪಘಟಕ: ದೈನಂದಿನ ಜೀವನದಲ್ಲಿ ಪಿಎಚ್‌ನ ಮಹತ್ವ
ಅವಧಿ: 40 ನಿಮಿಷ
ಸಾಮಗ್ರಿ: ಮಳೆನೀರು, ಬೋರ್‌ವೆಲ್ ನೀರು, ಒಣಗಿದ ಕಾಡುಬಾದಾಮಿ ಎಲೆ, ಪಿಎಚ್ ಕಾಗದ, ಸೋಪು, ಪಾರದರ್ಶಕ ಬಾಟಲಿಗಳು

ವಿಷಯದ ಹಿನ್ನೆಲೆ

ಏಂಜೆಲ್ ಮೀನುಗಳ ಟೆರೋಫಿಲಮ್ ಕುಲದಲ್ಲಿ ಮೂರು ಪ್ರಭೇದಗಳಿವೆ: ಸ್ಕೇಲೇರ್, ಆಲ್ಟಮ್, ಲಿಯೊಪೋಲ್ಡಿ. ಅಂಗಡಿಗಳಲ್ಲಿ ಸಿಗುವವು ಬಹುಪಾಲು ಸ್ಕೇಲೇರ್ ಮೂಲದ, ತೊಟ್ಟಿಯಲ್ಲೇ ತಲೆಮಾರುಗಳಿಂದ ಹುಟ್ಟಿ ಬೆಳೆದ ಮೀನುಗಳು; ನಮ್ಮ ನಲ್ಲಿ ನೀರಿಗೂ ಸಾಕಷ್ಟು ಹೊಂದಿಕೊಳ್ಳುತ್ತವೆ. 1903ರಲ್ಲಿ ಪೆಲ್ಲೆಗ್ರಿನ್ ವಿವರಿಸಿದ ಆಲ್ಟಮ್ ಹಾಗಲ್ಲ. ಅದರ ನೆಲೆ ದಕ್ಷಿಣ ಅಮೆರಿಕದ ಒರಿನೊಕೊ ಮತ್ತು ಮೇಲ್ ರಿಯೊ ನೀಗ್ರೋ ಪ್ರದೇಶ. ಅಲ್ಲಿ ಕಾಡಿನ ಎಲೆ, ಕಟ್ಟಿಗೆ ಕೊಳೆತು ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಲವಣಾಂಶ ತೀರ ಕಡಿಮೆ. ಪಿಎಚ್ ಅನೇಕ ಕಡೆ 5ಕ್ಕಿಂತ ಕೆಳಗೆ.

ಚಪ್ಪಟೆಯಾದ ಎತ್ತರದ ಮೈ, ಮೇಲಿನಿಂದ ಕೆಳಗೆ ಇಳಿಯುವ ಕಪ್ಪು ಪಟ್ಟೆ, ಇವೆರಡೂ ನೀರಿಗಿಳಿದ ಬೇರು-ಕೊಂಬೆಗಳ ನಡುವೆ ನುಸುಳಲು, ಅಡಗಲು ನೆರವಾಗುತ್ತವೆ. ಆದ್ದರಿಂದ ಮನೆಯ ತೊಟ್ಟಿ ಉದ್ದಕ್ಕಿಂತ ಮೊದಲು ಎತ್ತರವಾಗಿರಬೇಕು. ಆಲ್ಟಮ್‌ಗೆ ಕನಿಷ್ಠ 60 ಸೆಂ.ಮೀ. ಎತ್ತರ, 28ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸುಪು, ನಿಧಾನವಾದ ಹರಿವು, ನಿಲ್ಲಿಸಿಟ್ಟ ಕಟ್ಟಿಗೆ, ಗುಂಪಿನಲ್ಲಿ ಜೊತೆಗಾರರು ಬೇಕು. ಸಣ್ಣ ನಿಯಾನ್ ಟೆಟ್ರಾಗಳನ್ನು ಜೊತೆಗೆ ಬಿಟ್ಟರೆ ಅವು ಆಹಾರವಾಗುತ್ತವೆ.

ಪಾಠ ನಡೆದ ಬಗೆ

ಎರಡು ದಿನ ಮೊದಲೇ ಮಳೆನೀರಿನ ಬಾಟಲಿಗೆ ಒಂದು, ಬೋರ್‌ವೆಲ್ ನೀರಿನ ಬಾಟಲಿಗೆ ಒಂದು ಬಾದಾಮಿ ಎಲೆ ಹಾಕಿಟ್ಟಿದ್ದೆ. ತರಗತಿಯಲ್ಲಿ ಎರಡೂ ಚಹಾ ಬಣ್ಣ ಕಂಡವು. “ಎರಡರ ಪಿಎಚ್ ಎಷ್ಟಿರಬಹುದು?” ಎಂದು ಕೇಳಿದಾಗ “ಎರಡೂ ಆಮ್ಲೀಯ” ಎಂದು ಮಕ್ಕಳು ಒಟ್ಟಾಗಿ ಹೇಳಿದರು. ನನ್ನ ಪಾಠ ಯೋಜನೆಯಲ್ಲೂ ಅದೇ ಉತ್ತರ ಬರೆದಿತ್ತು.

ಮಳೆನೀರಿನಲ್ಲಿ ಕಾಗದ ಕಿತ್ತಳೆ-ಹಳದಿಗೆ ಬಂತು. ಬೋರ್‌ವೆಲ್ ನೀರಿನಲ್ಲಿ ಹಸಿರಾಗಿಯೇ ಉಳಿಯಿತು. ಕಾಗದ ಹಳತಾಗಿರಬೇಕೆಂದು ಹೊಸ ತುಂಡು ತೆಗೆದೆ. ಅದೂ ಹಸಿರೇ. ಏನು ಹೇಳಬೇಕೆಂದು ತೋಚದೆ ನಿಂತಿದ್ದಾಗ ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಮಿಸ್, ಬೋರಿನ ನೀರಲ್ಲಿ ನಮ್ಮವ್ವ ಬಟ್ಟೆ ಒಗೆದರೆ ನೊರೆನೇ ಬರಲ್ಲ. ಅದಕ್ಕೇನಾದರೂ ಸಂಬಂಧ ಇದೆಯಾ?”

ಸೋಪು ಕದಡಿ ನೋಡಿದೆವು. ಮಳೆನೀರಿನಲ್ಲಿ ನೊರೆ ಉಕ್ಕಿತು, ಬೋರ್‌ವೆಲ್ ನೀರಿನಲ್ಲಿ ಬಿಳಿ ಕೆಸರಾಯಿತು. ನೊರೆ ತಡೆದದ್ದು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಅವುಗಳ ಜೊತೆಗೆ ಕರಗಿರುವ ಬೈಕಾರ್ಬೊನೇಟ್ ಎಲೆಯಿಂದ ಬಂದ ದುರ್ಬಲ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಮಳೆನೀರಿನಲ್ಲಿ ಅಂಥ ತಡೆ ಹೆಚ್ಚುಕಡಿಮೆ ಇಲ್ಲ. ಆ ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ಮಕ್ಕಳೇ ಪೂರ್ಣಗೊಳಿಸಿದರು.

ನನ್ನ ತಪ್ಪು

ಅಲ್ಲಿ ನನಗೆ ನಮ್ಮ ಮನೆಯ ತೊಟ್ಟಿ ನೆನಪಾಯಿತು. ನದಿಯಿಂದ ಹಿಡಿದು ತಂದ ಮೂರು ಆಲ್ಟಮ್‌ಗಳನ್ನು ಸಾಕಿದ್ದೆ. ಬಾದಾಮಿ ಎಲೆ ಹಾಕಿ, ಬಣ್ಣ ಬಂದದ್ದನ್ನು ಕಂಡು ನದಿಯ ನೀರೇ ಸಿದ್ಧವಾಯಿತೆಂದು ನೆಮ್ಮದಿಪಟ್ಟಿದ್ದೆ. ಪಿಎಚ್, ಗಡಸುತನ ಅಳೆದಿರಲಿಲ್ಲ. ಮೀನುಗಳು ಮಂಕಾದಾಗ ಗಾಬರಿಯಿಂದ ಫಿಲ್ಟರ್ ಪೂರ್ತಿ ತೊಳೆದು, ಎಲ್ಲ ನೀರನ್ನೂ ಬದಲಿಸಿದೆ. ಅಮೋನಿಯವನ್ನು ಒಡೆಯುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲೇ ಇರುತ್ತವೆ. ಪಿಎಚ್ ಏರಿದಷ್ಟೂ ಅಮೋನಿಯ ಹೆಚ್ಚು ವಿಷಕಾರಿ. ಮೂರೂ ಸತ್ತವು. ಕಾರಣ ಇದೊಂದೇ ಎನ್ನಲಾರೆ. ಆದರೆ ಬಣ್ಣ ನೋಡಿ ತೀರ್ಮಾನಿಸಿದ್ದು ನಿಜ. ಇದನ್ನು ಮಕ್ಕಳ ಮುಂದೆ ಒಪ್ಪಿಕೊಂಡೆ.

ಸರಿಯಾದ ದಾರಿಯನ್ನು ಅವರೇ ಪಟ್ಟಿ ಮಾಡಿದರು: ಮೊದಲು ಅಳತೆ, ಶುದ್ಧ ಮಳೆನೀರು ಅಥವಾ ಆರ್‌ಒ ನೀರು ಬೆರೆಸಿ ಗಡಸುತನ ಇಳಿಸುವುದು, ಆಮೇಲೆ ಎಲೆ, ವಾರಕ್ಕೆ ಕಾಲು ಭಾಗದಷ್ಟೇ ನೀರನ್ನು ಅದೇ ಗುಣದ ನೀರಿನಿಂದ ಬದಲಿಸುವುದು.

ಮೌಲ್ಯಮಾಪನ ಮತ್ತು ವಿಸ್ತರಣೆ

“ಹಾಗಾದರೆ ನದಿಯ ಮೀನನ್ನು ಹಿಡಿದು ತರಲೇಬಾರದಾ?” ಎಂದು ಒಬ್ಬ ಕೇಳಿದ. ರಿಯೊ ನೀಗ್ರೋ ದಂಡೆಯ ಬಾರ್ಸೆಲೋಸ್‌ನಲ್ಲಿ ಅಲಂಕಾರಿಕ ಮೀನು ಹಿಡಿದು ಬದುಕುವ ಕುಟುಂಬಗಳಿವೆ ಎಂದೆ. ಏಂಜೆಲ್ ಮೀನಿನ ಸಿಕ್ಲಿಡ್ ಕುಟುಂಬಕ್ಕೇ ಸೇರಿದ, ಕೆನರಾದ ಹೆಸರು ಹೊತ್ತ ಎಟ್ರೋಪ್ಲಸ್ ಕೆನರೆನ್ಸಿಸ್ ನಮ್ಮ ದಕ್ಷಿಣ ಕನ್ನಡದ ನದಿಗಳಲ್ಲಿದೆ ಎಂದೂ ಹೇಳಿದೆ. ಎರಡನ್ನೂ ಇಟ್ಟುಕೊಂಡು ಪರ-ವಿರೋಧ ಬರೆಯುವುದು ಗೃಹಪಾಠವಾಯಿತು.

ಪರ್ಯಾಲೋಚನೆ

ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಎರಡೇ ಮಾತು ಬರೆದರು: ಪ್ರಯೋಗವನ್ನು ಮೊದಲೇ ಮಾಡಿ ನೋಡಬೇಕಿತ್ತು, ನೋಡದೆ ಬಂದ ಮೇಲೆ ಫಲಿತಾಂಶವನ್ನು ಮುಚ್ಚಿಡಲಿಲ್ಲ, ಅದು ಒಳ್ಳೆಯದಾಯಿತು. ಮುಂದಿನ ಬಾರಿ ಎಲೆ ಹಾಕದ ಎರಡು ಬಾಟಲಿಗಳನ್ನೂ ಹೋಲಿಕೆಗೆ ಇಡುತ್ತೇನೆ. ಅದಿಲ್ಲದೆ ಎಲೆಯಿಂದಲೇ ಪಿಎಚ್ ಇಳಿಯಿತೆಂದು ಹೇಳುವ ಹಕ್ಕು ನನಗಿರಲಿಲ್ಲ.